ಕುಮಟಗಿಯ ಕಾರಂಜಿಗೆ ಮತ್ತೆ ನೀರು ಬಿಡಬಹುದಾ? ಪೈಪ್ ಕೆಲಸದವನ ಪ್ರಶ್ನೆ

ಪೈಪ್ ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಪೈಪ್ ಕೆಲಸ ಮಾಡುವವನು. ಮನೆಗಳಿಗೆ ನಲ್ಲಿ, ಟ್ಯಾಂಕ್, ಮೋಟಾರ್ ಕೂರಿಸುವುದರಲ್ಲೇ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಹೋದ ತಿಂಗಳು ಕುಮಟಗಿಯಲ್ಲಿ ಕಂಡದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅವತ್ತು ಆ ಕಡೆ ಒಂದು ತೋಟದ ಮನೆಯಲ್ಲಿ ಕೆಲಸ ಇತ್ತು. ಒಂದೂವರೆ ಇಂಚಿನ ಗೇಟ್ ವಾಲ್ವ್ ಸಾಲದೆ ಹೋಯಿತು. ಹುಡುಗನನ್ನು ಅಂಗಡಿಗೆ ಕಳಿಸಿದೆ. ಎರಡು ತಾಸು ಸುಮ್ನೆ ಕೂರುವುದು ಯಾಕೆ ಅಂತ ಬೈಕ್ ತೆಗೆದುಕೊಂಡು ಕುಮಟಗಿಗೆ ಹೋದೆ. ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದರೆ ಸುಮಾರು 20 ಕಿಲೋಮೀಟರ್ ಅಷ್ಟೆ. ಇಷ್ಟು ಹತ್ತಿರ ಇದ್ದೂ ನಾನು ಆ ಜಾಗಕ್ಕೆ ಕಾಲಿಟ್ಟಿದ್ದು ಅದೇ ಮೊದಲು.

ಆದಿಲ್‌ಶಾಹಿ ಸುಲ್ತಾನರು ಬೇಸಿಗೆ ಕಳೆಯಲು ಕಟ್ಟಿಸಿದ ಜಾಗ ಅದು. ಕೊಳದ ನಡುವೆ ಎರಡಂತಸ್ತಿನ ಮಂಟಪ ನಿಂತಿದೆ. ನಾನು ಹೋದಾಗ ಕೊಳ ಒಣಗಿತ್ತು. ಬಂದವರೆಲ್ಲ ಪಕ್ಕದ ಕಟ್ಟಡದ ಗೋಡೆ ಚಿತ್ರಗಳನ್ನು ನೋಡುತ್ತಾರೆ. ನನ್ನ ಕಣ್ಣು ಮಾತ್ರ ಮಂಟಪದ ಗೋಡೆ ಒಡೆದ ಕಡೆಗೇ ಹೋಯಿತು. ಅಲ್ಲೊಂದು ಪೈಪಿನ ಬಾಯಿ ಕಾಣಿಸಿತು. ಸುಟ್ಟ ಮಣ್ಣಿನದು. ಸುತ್ತ ದಪ್ಪಗೆ ಸುಣ್ಣದ ಗಚ್ಚು ಮೆತ್ತಿ ಗೋಡೆಯೊಳಗೇ ಹುದುಗಿಸಿದ್ದಾರೆ. ಒಂದು ತುಂಡಿನ ಸಣ್ಣ ತುದಿ ಇನ್ನೊಂದರ ಅಗಲ ತುದಿಯೊಳಗೆ ಕೂತಿದೆ. ನಾವು ದಿನಾ ಸಾಕೆಟ್ ಜೋಡಿಸುತ್ತೇವಲ್ಲ, ಅದೇ ಲೆಕ್ಕ. ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಒಳಗೆ ಸುತ್ತಲೂ ಸಣ್ಣ ಸಣ್ಣ ಗೆರೆ. ಕುಂಬಾರ ಚಕ್ರದ ಮೇಲೆ ಅದನ್ನು ಎಬ್ಬಿಸುವಾಗ ಬೆರಳು ಆಡಿದ ಗುರುತು. ಎಷ್ಟೋ ಹೊತ್ತು ಅಲ್ಲೇ ಕೂತುಬಿಟ್ಟೆ.

ಆಮೇಲೆ ಹೊರಗೆ ಬಂದು ನೀರಿನ ಗೋಪುರ ನೋಡಿದೆ. ಅದನ್ನು ನೋಡಿದ ಕೂಡಲೇ ಇಡೀ ಕೆಲಸ ಅರ್ಥ ಆಯಿತು. ನಾವು ಮನೆ ಮೇಲೆ ಸಿಂಟೆಕ್ಸ್ ಇಡುವುದು ಯಾಕೆ? ನೀರು ಎತ್ತರದಲ್ಲಿದ್ದರೆ ಕೆಳಗೆ ತಾನಾಗಿ ಒತ್ತಡ ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಪ್ರೆಶರ್. ಕೆರೆಯ ನೀರನ್ನು ಗೋಪುರಕ್ಕೆ ಏರಿಸಿ, ಅಲ್ಲಿಂದ ಮಣ್ಣಿನ ಪೈಪಿನಲ್ಲಿ ಇಳಿಸಿ, ಮಂಟಪದ ಗೋಡೆಯೊಳಗೆ ಮತ್ತೆ ಹತ್ತಿಸಿದ್ದಾರೆ. ಕೊಳದಲ್ಲಿ ಚಿಲುಮೆ ಏಳಬೇಕು, ಮಂಟಪದೊಳಗೆ ಮೇಲಿನಿಂದ ಮಳೆಯ ಹಾಗೆ ನೀರು ಸುರಿಯಬೇಕು. ಕರೆಂಟ್ ಇಲ್ಲ, ಪಂಪ್ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲು. ಅಂಥ ಬಿಸಿಲಲ್ಲಿ ಹೊಲದ ನಡುವೆ ಮಳೆ ತರಿಸಿದ್ದಾರಲ್ಲ!

ನನ್ನ ತಂದೆ ಗೌಂಡಿ ಕೆಲಸ ಮಾಡುತ್ತಿದ್ದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಮೂಲೆಯ ಮಟ್ಟ ನೋಡುವುದನ್ನು ನನಗೆ ಕಲಿಸಿದ್ದು ಅವರೇ. "ನೀರ ತನ್ನ ಮಟ್ಟ ಬಿಡಂಗಿಲ್ಲ ತಮ್ಮಾ, ನಾವs ತಪ್ಪತೀವಿ" ಅನ್ನುತ್ತಿದ್ದರು. ಆ ಪೈಪಿನ ಬಾಯಿ ನೋಡುವಾಗ ಅವರದೇ ನೆನಪು.

ಇನ್ನೊಂದು ಹೇಳಬೇಕು. ನಾನು ಅಲ್ಲಿದ್ದಾಗಲೇ ನಾಲ್ಕೈದು ಜನ ಹುಡುಗರು ಬಂದರು. ಚಿತ್ರ ಮಾಸಿದೆ, ಫೋಟೋದಲ್ಲಿ ಬರುತ್ತಿಲ್ಲ ಅಂತ ಒಬ್ಬ ಬಾಟಲಿಯ ನೀರು ಗೋಡೆಗೆ ಚಿಮುಕಿಸಿದ. ನಾನು ಓಡಿಹೋಗಿ ಕೈ ಹಿಡಿದೆ. ಅಷ್ಟರಲ್ಲಿ ನೀರು ಬಿದ್ದಾಗಿತ್ತು. ಬಿದ್ದ ಕಡೆ ಮಸುಕಾಗಿದ್ದ ಕೆಂಪು ಬಣ್ಣ ಒಂದು ಕ್ಷಣ ಎದ್ದು ಕಂಡಿತು. ಒಂದು ಪೈಲ್ವಾನನ ತೊಡೆಯ ಹಾಗಿತ್ತು. ಒಣಗುತ್ತಾ ಬಂದ ಹಾಗೆ ಮೊದಲಿಗಿಂತ ಮಂಕಾಯಿತು. ಕೆಳಗೆ ಉಗುರಿನಷ್ಟು ಒಂದು ಹಕ್ಕಳೆ ಬಿದ್ದಿತ್ತು. ಅದು ಆಗಲೇ ಬಿದ್ದದ್ದೋ ಮೊದಲೇ ಬಿದ್ದಿತ್ತೋ ಹೇಳಲಾರೆ. ಹುಡುಗರು ಕೆಟ್ಟವರೇನಲ್ಲ. "ಗೊತ್ತಿರಲಿಲ್ಲ ಕಾಕಾ" ಅಂದು ಹೋದರು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಆ ಕಾರಂಜಿಗೆ ಮತ್ತೆ ನೀರು ಬಿಡಬಹುದಾ? ವರ್ಷಕ್ಕೆ ಒಂದು ದಿನವಾದರೂ? ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ ಅಂತ ಗೊತ್ತು. ಒಪ್ಪಿಗೆ ಸಿಕ್ಕರೆ ನಾನು ಕೂಲಿ ತೆಗೆದುಕೊಳ್ಳದೆ ಕೆಲಸ ಮಾಡುತ್ತೇನೆ. ಹಾಗೆ ಕೇಳುವುದು ಸರಿಯಾ ತಪ್ಪಾ, ತಿಳಿದವರು ಹೇಳಿ.

---

ನೇಕಾರರ ಮಗಳು

ಅಣ್ಣಾ, ಇದು ಸೀರೆಗೆ ಹೆಸರಾದ ಕಮತಗಿಯಾ? ಬಾಗಲಕೋಟೆ ಜಿಲ್ಲೆಯದು? ಅಲ್ಲಿ ನಮ್ಮ ನೆಂಟರಿದ್ದಾರೆ, ಇಂಥ ಮಂಟಪ ಇದೆ ಅಂತ ಯಾರೂ ಹೇಳಿಲ್ಲ.

---

ಪೈಪ್ ಮೇಸ್ತ್ರಿ

ಇಲ್ಲ ತಂಗಿ, ಅದು ಕಮತಗಿ. ಇದು ಕುಮಟಗಿ, ವಿಜಯಪುರ ಜಿಲ್ಲೆ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಸರಿಯಾಗಿ ಹೇಳಬೇಕು.

---

ಹಳೇ ದೆಹಲಿ ನೌಕರ

ನನ್ನ ಮಟ್ಟಿಗೆ ನೀರು ಬಿಡಲೇಬೇಕು. ನಾನು ಕೆಲಸದ ಮೇಲೆ ಆರು ವರ್ಷ ದೆಹಲಿಯಲ್ಲಿದ್ದೆ. ಭಾನುವಾರ ಹುಮಾಯೂನನ ಸಮಾಧಿಯ ತೋಟಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿನ ಕಾಲುವೆಗಳೂ ಒಂದು ಕಾಲದಲ್ಲಿ ಒಣಗಿದ್ದವು. ಆಗಾ ಖಾನ್ ಸಂಸ್ಥೆ ಪುರಾತತ್ವ ಇಲಾಖೆಯ ಜೊತೆ ಸೇರಿ ತೋಟವನ್ನು ಸರಿಮಾಡಿತು. 2003ರಲ್ಲಿ ಕೆಲಸ ಮುಗಿದು ಮತ್ತೆ ನೀರು ಹರಿಯಿತು. ಕಲ್ಲಿನ ಸಣ್ಣ ಕಾಲುವೆಯಲ್ಲಿ ನೀರು ಹೋಗುವ ಸದ್ದು ಕೇಳಿದ ಮೇಲೆ ಆ ಜಾಗ ಬೇರೆಯೇ ಆಗಿ ಕಾಣುತ್ತದೆ. ಮಕ್ಕಳು ಬಗ್ಗಿ ನೋಡುತ್ತಾರೆ, ಇದು ಎಲ್ಲಿಂದ ಬರುತ್ತದೆ ಅಂತ ಕೇಳುತ್ತಾರೆ.

ಒಣಗಿದ ಕೊಳ ತೋರಿಸಿ "ಇಲ್ಲಿ ಕಾರಂಜಿ ಇತ್ತು" ಅಂದರೆ ಮಕ್ಕಳಿಗೆ ಏನು ತಿಳಿಯುತ್ತದೆ? ದೆಹಲಿಯಲ್ಲಿ ಆಗುವುದು ನಮ್ಮ ವಿಜಯಪುರದಲ್ಲಿ ಯಾಕೆ ಆಗಬಾರದು?

---

ಗಾರೆ ಕೆಲಸ

ಮೇಸ್ತ್ರಿಗಳೇ, ನಿಮ್ಮ ಬರಹ ಎರಡು ಸಲ ಓದಿದೆ. ನಾನು ಮೈಸೂರಿನವಳು. ಹಳೆಯ ಕಟ್ಟಡಗಳ ಗಾರೆ ದುರಸ್ತಿ ಮಾಡುವ ತಂಡದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ನೀವು ಗಚ್ಚು ಅನ್ನುವುದನ್ನೇ ನಾವು ಗಾರೆ ಅನ್ನುತ್ತೇವೆ.

ನನ್ನ ಉತ್ತರ ನಿಮಗೆ ಬೇಸರ ತರಬಹುದು. ಗೋಡೆಯೊಳಗಿನ ಹಳೆಯ ಪೈಪಿಗೆ ನೀರು ಬಿಡಬೇಡಿ. ಒಂದು ದಿನಕ್ಕೂ ಬೇಡ.

ನೀವು ನೋಡಿದ್ದು ಒಂದು ಬಾಯಿ. ಆ ಪೈಪು ಒಳಗೆ ಎಷ್ಟು ಕಡೆ ಬಿರುಕು ಬಿಟ್ಟಿದೆ, ಎಲ್ಲಿ ಬೇರು ನುಗ್ಗಿದೆ, ಎಲ್ಲಿ ಜಾಯಿಂಟು ಸರಿದಿದೆ, ಹೊರಗಿನಿಂದ ಕಾಣುವುದಿಲ್ಲ. ಒತ್ತಡದ ನೀರು ಬಿಟ್ಟರೆ ಅದು ಬಾಯಿಗೆ ಬರುವ ಮೊದಲು ಗೋಡೆಯ ಹೊಟ್ಟೆಗೆ ಹೋಗುತ್ತದೆ. ನಿಮ್ಮ ಕೆಲಸದಲ್ಲಿ ಒಳಗೋಡೆಯ ಲೀಕೇಜ್ ನೋಡಿರುತ್ತೀರಿ ಅಲ್ವಾ? ಪೈಪು ಒಡೆದದ್ದು ಒಂದು ಕಡೆ, ಬಣ್ಣ ಉಬ್ಬುವುದು ಇನ್ನೊಂದು ಕಡೆ. ಇಲ್ಲೂ ಅದೇ. ಗೋಡೆಯೊಳಗೆ ಹೋದ ನೀರು ಅಲ್ಲಿರುವ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಬಿಸಿಲಿಗೆ ಗೋಡೆ ಒಣಗುವಾಗ ನೀರು ಮಾತ್ರ ಆವಿಯಾಗುತ್ತದೆ. ಉಪ್ಪು ಗಾರೆಯ ಮೇಲ್ಪದರದ ಹಿಂದೆಯೇ ಹರಳುಗಟ್ಟುತ್ತದೆ. ಹರಳು ಬೆಳೆಯಲು ಜಾಗ ಬೇಕು. ಅದು ಗಾರೆಯನ್ನು ಹೊರಗೆ ತಳ್ಳುತ್ತದೆ. ಇದು ಒಂದೇ ದಿನಕ್ಕೆ ಕಾಣುವುದಿಲ್ಲ. ಎರಡು ಬೇಸಿಗೆ ಕಳೆದ ಮೇಲೆ ಬಂದು ಮುಟ್ಟಿದರೆ ಹಿಟ್ಟಿನ ಹಾಗೆ ಉದುರುತ್ತದೆ.

ಆ ಹುಡುಗ ಚಿಮುಕಿಸಿದ ಬಾಟಲಿ ನೀರು ಮಾಡುವ ಕೆಲಸವೂ ಅದೇ, ಸಣ್ಣ ಪ್ರಮಾಣದಲ್ಲಿ. ಒದ್ದೆಯಾದಾಗ ಬಣ್ಣ ಹೊಳೆಯುತ್ತದೆ, ನಿಜ. ಆದರೆ ಒಂದೊಂದು ಸಲ ನೆನೆದು ಒಣಗಿದಾಗಲೂ ಬಣ್ಣ ಗೋಡೆಯ ಹಿಡಿತ ಸ್ವಲ್ಪ ಬಿಡುತ್ತದೆ. ಕುಮಟಗಿಯ ಚಿತ್ರಗಳಲ್ಲಿ ಕುಸ್ತಿ ಇದೆ, ಕುದುರೆ ಮೇಲೆ ಕೂತು ಚೆಂಡು ಹೊಡೆಯುವ ಆಟ ಇದೆ, ಯುರೋಪಿನವರ ಉಡುಪಿನಲ್ಲಿರುವ ಜನ ಇದ್ದಾರೆ. ಆದಿಲ್‌ಶಾಹಿ ಕಾಲದ ಗೋಡೆ ಚಿತ್ರಗಳು ಉಳಿದಿರುವುದೇ ಕಡಿಮೆ. ನೀವು ಅವನ ಕೈ ಹಿಡಿದಿರಲ್ಲ, ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಆ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ದೆಹಲಿಯ ಮಾತು ಬರೆದವರಿಗೆ ಒಂದು ಮಾತು. ಸರ್, ಅದು ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಅಲ್ಲಿ ನೀರು ಹರಿಯುವುದು ತೋಟದ ನೆಲದಲ್ಲಿ. ಕಾಲುವೆ ಬಿಚ್ಚಿ ಮಟ್ಟ ಸರಿಮಾಡಿ ಮತ್ತೆ ಜೋಡಿಸಬಹುದು. ಕುಮಟಗಿಯಲ್ಲಿ ಪೈಪು ಗೋಡೆಯೊಳಗೇ ಇದೆ. ಅದನ್ನು ಸರಿಮಾಡಬೇಕೆಂದರೆ ಗೋಡೆ ಒಡೆಯಬೇಕು. ಒಡೆದ ಮೇಲೆ ಉಳಿಯುವುದೇನು?

ಸಿಮೆಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನವರು ಪ್ರೀತಿಯಿಂದಲೇ ಬಿರುಕಿಗೆ ಸಿಮೆಂಟ್ ಮೆತ್ತುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಗಾರೆ ಉಸಿರಾಡುತ್ತದೆ. ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಆಗ ತೇವ ಪಕ್ಕದ ಹಳೆಯ ಗಾರೆಯಿಂದಲೇ ಹೊರಬರಬೇಕು, ಅದು ಬೇಗ ಸಾಯುತ್ತದೆ. ನಾವು ಇವತ್ತಿಗೂ ಸುಟ್ಟ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯುತ್ತೇವೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತೇವೆ. ಕೈಗೆ ಬೆಣ್ಣೆಯ ಹಾಗೆ ಬರಬೇಕು. ಆ ಹದ ಬರುವವರೆಗೆ ನಮ್ಮ ಹಿರಿಯ ಮೇಸ್ತ್ರಿ ಯಾರನ್ನೂ ಗೋಡೆ ಮುಟ್ಟಲು ಬಿಡುವುದಿಲ್ಲ.

ಹಾಗಾದರೆ ನೀವು ಮಾಡುವಂಥದ್ದು ಏನೂ ಇಲ್ಲವಾ? ಇದೆ. ನಿಮ್ಮ ಕಣ್ಣು ನಮ್ಮಂಥವರಿಗೆ ಇಲ್ಲ. ನಾನು ಅಲ್ಲಿ ಹೋದರೆ ಗಾರೆ ನೋಡುತ್ತೇನೆ. ಚಿತ್ರ ಕಲಿತವರು ಚಿತ್ರ ನೋಡುತ್ತಾರೆ. ಯಾವ ಬಾಯಿಯಿಂದ ಯಾವ ಬಾಯಿಗೆ ನೀರು ಹೋಗಿರಬೇಕು ಅಂತ ಹೇಳಬಲ್ಲವರು ನೀವು. ಏನನ್ನೂ ಮುಟ್ಟದೆ, ಕೆರೆಯದೆ, ಕಂಡ ಪೈಪಿನ ಬಾಯಿಗಳನ್ನೆಲ್ಲ ಗುರುತು ಹಾಕಿ ಒಂದು ನಕ್ಷೆ ಬರೆಯಿರಿ. ಅದರ ಪ್ರತಿಯನ್ನು ಪುರಾತತ್ವ ಇಲಾಖೆಯ ಧಾರವಾಡ ವಲಯದ ಕಚೇರಿಗೆ ಕೊಡಿ.

---

ಸಿಂದಗಿ ರಸ್ತೆ ಅಕ್ಕ

ನನ್ನ ತವರು ಕುಮಟಗಿಯಿಂದ ಮೂರು ಊರು ಆಚೆ. ಈ ಮಾತುಕತೆ ಓದುತ್ತಾ ಕಣ್ಣು ತುಂಬಿತು. ನಮ್ಮ ಅಜ್ಜಿ ಅದನ್ನು "ಬ್ಯಾಸಗಿ ಅರಮನಿ" ಅನ್ನುತ್ತಿದ್ದಳು. ಬಿಸಿಲು ಜಾಸ್ತಿ ಆದಾಗ "ಅರಮನ್ಯಾಗ ಮಳಿ ಬರ್ತಿತ್ತಂತ, ನಮಗ ಬಿಸಿಲs ಗತಿ" ಅಂತ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅದು ಬರೀ ಕಥೆ ಅಂದುಕೊಂಡಿದ್ದೆ. ಮಂಟಪದೊಳಗೆ ಮೇಲಿನಿಂದ ನೀರು ಸುರಿಯುತ್ತಿತ್ತು ಅಂತ ಮೇಸ್ತ್ರಿ ಅಣ್ಣಾರು ಬರೆದದ್ದು ಓದಿದಾಗಲೇ ಅಜ್ಜಿಯ ಮಳೆ ಯಾವುದು ಅಂತ ತಿಳಿದದ್ದು.

ನಾನು ಈಗ ವಿಜಯಪುರದಲ್ಲಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಗೋಳಗುಮ್ಮಟ ಎಲ್ಲ ಮಕ್ಕಳಿಗೂ ಗೊತ್ತು. ಆ ಊರಿಗೆ ನೀರು ಹೇಗೆ ಬರುತ್ತಿತ್ತು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಪಕ್ಕದ ತೊರವಿ ಊರಿನ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಬರುತ್ತಿತ್ತು. ಆಮೇಲೆ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಅನ್ನುವ ಕೆರೆ ಕಟ್ಟಿದರು. ಅಲ್ಲಿಂದಲೂ ಮಣ್ಣಿನ ಪೈಪುಗಳಲ್ಲೇ ಊರಿಗೆ ನೀರು. ನಡುನಡುವೆ ಎತ್ತರದ ಗೋಪುರಗಳು, ಅವಕ್ಕೆ ಗಂಜ್ ಅನ್ನುತ್ತಾರೆ. ಒತ್ತಡ ಜಾಸ್ತಿಯಾಗಿ ಪೈಪು ಒಡೆಯಬಾರದು ಅಂತ ಅವನ್ನು ಕಟ್ಟಿದ್ದು. ಊರಲ್ಲಿ ಇನ್ನೂ ಕೆಲವು ನಿಂತಿವೆ, ಅವುಗಳ ಕೆಳಗೇ ನಾವು ಓಡಾಡುತ್ತೇವೆ.

ಊರೊಳಗೆ ಸಾತ್ ಮಂಜಿಲ್ ಅರಮನೆಯ ಎದುರು ರಸ್ತೆಯ ನಡುವೆ ಸಣ್ಣ ಜಲ ಮಂಜಿಲ್ ಇದೆಯಲ್ಲ, ಅದೂ ಒಂದು ಕಾಲಕ್ಕೆ ನೀರಿನ ನಡುವೆ ಇದ್ದ ಮಂಟಪವೇ. ಈಗ ಸುತ್ತ ಆಟೋ ತಿರುಗುತ್ತವೆ. ಮಕ್ಕಳನ್ನು ಅಲ್ಲಿ ನಿಲ್ಲಿಸಿ "ಇಲ್ಲಿ ನೀರಿತ್ತು" ಅಂದರೆ ಒಬ್ಬರಾದರೂ "ಹೌದಾ ಟೀಚರ್?" ಅನ್ನುತ್ತಾರೆ. ಅದಕ್ಕೆ ದೆಹಲಿ ಸರ್ ಹೇಳಿದ್ದೂ ನನಗೆ ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಮಕ್ಕಳಿಗೆ ನೀರು ಕಾಣಬೇಕು. ಮಂಟಪಕ್ಕೆ ಏಟಾಗದೆ ಅದನ್ನು ತೋರಿಸುವುದು ಹೇಗೆ?

ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ, ಅಂದರೆ ಕಾಪಾಡಬೇಕಾದ ಪ್ರಪಂಚದ ಹಳೆಯ ತಾಣಗಳ ಪಟ್ಟಿಗೆ, ಸೇರಿಸಿದ್ದರು. ಪತ್ರಿಕೆಯಲ್ಲಿ ಓದಿ ಮಕ್ಕಳಿಗೆ ತೋರಿಸಿದ್ದೆ. ಪ್ರಪಂಚ ನೋಡುತ್ತಿದೆ, ನಾವೂ ನೋಡಬೇಕು ಅಲ್ವಾ.

---

ಪೈಪ್ ಮೇಸ್ತ್ರಿ

ಎಲ್ಲರಿಗೂ ಧನ್ಯವಾದ. ಗಾರೆ ಕೆಲಸದ ಮೇಡಂ ಅವರ ಉತ್ತರ ಓದಿ ಮೊದಲ ದಿನ ನಿಜವಾಗಿಯೂ ಬೇಸರ ಆಯಿತು. ಎರಡನೇ ದಿನ ಅನ್ನಿಸಿತು, ಒಬ್ಬ ಗಿರಾಕಿ ಬಂದು ನಲವತ್ತು ವರ್ಷದ ಕಬ್ಬಿಣದ ಪೈಪಿಗೆ ಹೊಸ ಪ್ರೆಶರ್ ಪಂಪ್ ಕೂರಿಸು ಅಂದರೆ ನಾನೇ ಒಪ್ಪುವುದಿಲ್ಲ. ಗೋಡೆಯೊಳಗೆ ಎಲ್ಲಿ ಸಿಡಿಯುತ್ತದೋ ಅಂತ ಹೆದರುತ್ತೇನೆ. ಇನ್ನು ಈ ಪೈಪಿನ ವಯಸ್ಸೆಷ್ಟು? 1686ರಲ್ಲಿ ಔರಂಗಜೇಬ ವಿಜಯಪುರ ಗೆದ್ದ, ಆದಿಲ್‌ಶಾಹಿಯೇ ಮುಗಿಯಿತು. ಪೈಪು ಹಾಕಿದ್ದು ಅದಕ್ಕೂ ಹಿಂದೆ. ಅದಕ್ಕೆ ಒತ್ತಡ ಕೊಡಬೇಕು ಅಂತ ನಾನೇ ಕೇಳಿದೆನಲ್ಲ. ಮೇಡಂ, ನೀವು ಹೇಳಿದ್ದು ಸರಿ. ನೀರು ಬಿಡುವುದು ಬೇಡ.

ಆದರೆ ಅಕ್ಕಾರು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೋದ ಶನಿವಾರ ನಮ್ಮ ಮನೆಯಲ್ಲೇ ಮಾಡಿ ನೋಡಿದೆ. ಮಾಳಿಗೆ ಮೇಲೆ ಸ್ಟ್ಯಾಂಡ್ ಇಟ್ಟು 200 ಲೀಟರಿನ ಡ್ರಮ್ ಕೂರಿಸಿದೆ. ಡ್ರಮ್ಮಿನ ನೀರಿನಿಂದ ಅಂಗಳದ ಪೈಪಿನ ಬಾಯಿಗೆ 15 ಅಡಿ. ಒಂದು ಇಂಚಿನ ಪೈಪು, ಮೂರು ಎಲ್ಬೋ. ಎಂಟನೇ ತರಗತಿಯ ನನ್ನ ಮಗಳು ಟೇಪ್ ಹಿಡಿದಳು.

ಮೊದಲು ಬಾಯಿ ಪೂರ್ತಿ ತೆರೆದು ಬಿಟ್ಟೆ. ನೀರು ಧಾರಾಳ ಬಂತು, ಎದ್ದದ್ದು ಮಾತ್ರ ಒಂದೂವರೆ ಗೇಣು. ಮಗಳ ಮುಖ ಸಣ್ಣಗಾಯಿತು. ಆಮೇಲೆ ಎಂಡ್ ಕ್ಯಾಪ್ ಹಾಕಿ, ಅದರ ನಡುವೆ ನಾಲ್ಕು ಎಂಎಂ ಡ್ರಿಲ್ ಬಿಟ್ಟಿನಿಂದ ಒಂದೇ ತೂತು ಕೊರೆದೆ. ವಾಲ್ವ್ ತಿರುಗಿಸಿದ ಕೂಡಲೇ ನೀರು ತಂತಿಯ ಹಾಗೆ ನೆಟ್ಟಗೆ ಎದ್ದಿತು. 11 ಅಡಿ! ಮಗಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಏನಾಯಿತು ಅಂತ ಓಡಿಬಂದರು. ನೀರು ಅದೇ, ಎತ್ತರ ಅದೇ. ಬಾಯಿ ದೊಡ್ಡದಿದ್ದರೆ ನೀರು ಪೈಪಿನೊಳಗೆ ಜೋರಾಗಿ ಓಡಿ ಉಜ್ಜಾಟದಲ್ಲೇ ಬಲ ಕಳೆದುಕೊಳ್ಳುತ್ತದೆ. ಬಾಯಿ ಸಣ್ಣದಾದರೆ ಪೈಪಿನೊಳಗೆ ನಿಧಾನ, ಬಲವೆಲ್ಲ ತುದಿಗೆ ಉಳಿಯುತ್ತದೆ. ಕೆಲಸದಲ್ಲಿ ನನಗಿದು ಗೊತ್ತಿತ್ತು. ಕಣ್ಣೆದುರು ಹೀಗೆ ಅಳತೆ ಹಿಡಿದು ನೋಡಿದ್ದು ಇದೇ ಮೊದಲು.

ಆಮೇಲೆ ಇನ್ನೊಂದು ಕ್ಯಾಪಿಗೆ 12 ತೂತು ಕೊರೆದೆವು. ಹೂವಿನ ಹಾಗೆ ಎದ್ದಿತು, ಎತ್ತರ ಎಂಟು ಅಡಿಗೆ ಇಳಿಯಿತು. ಐದು ನಿಮಿಷಕ್ಕೆ ಡ್ರಮ್ ಖಾಲಿ. ಮತ್ತೆ ಬಕೆಟ್ಟಿನಲ್ಲಿ ನೀರು ಹೊತ್ತು ಮಾಳಿಗೆ ಹತ್ತುವಾಗ ಕುಮಟಗಿಯ ನಿಜವಾದ ಖರ್ಚು ಏನು ಅಂತ ತಿಳಿಯಿತು. ನೀರನ್ನು ಮೇಲೆ ಹಾಕಬೇಕು, ಮತ್ತೆ ಹಾಕಬೇಕು, ನಿಲ್ಲಿಸುವ ಹಾಗಿಲ್ಲ. ಎತ್ತು, ಹಗ್ಗ, ಆಳುಗಳು, ಇಡೀ ದಿನ. ತಾಜ್ ಮಹಲಿನ ಕಾರಂಜಿಗಳಿಗೂ ಎತ್ತು ಕಟ್ಟಿಯೇ ನೀರೆತ್ತುತ್ತಿದ್ದರಂತೆ, ನಮ್ಮ ಕಪಿಲೆಯ ಹಾಗೆ. ಅಲ್ಲಿ ಪ್ರತಿ ಚಿಲುಮೆಯ ಕೆಳಗೆ ಒಂದೊಂದು ತಾಮ್ರದ ಪಾತ್ರೆ ಇಟ್ಟಿದ್ದಾರೆ. ಮೊದಲು ಪಾತ್ರೆ ತುಂಬಿ, ಆಮೇಲೆ ಎಲ್ಲ ಚಿಲುಮೆಗಳೂ ಒಂದೇ ಎತ್ತರಕ್ಕೆ ಏಳುತ್ತವೆ. ನಮ್ಮ 12 ತೂತಿನಲ್ಲಿ ಒಂದು ಮೇಲೆ ಒಂದು ಕೆಳಗೆ ಆದಾಗ ಆ ಪಾತ್ರೆಯ ಬೆಲೆ ಗೊತ್ತಾಯಿತು.

ಇನ್ನೊಂದು ಪಾಠ ಸಿಕ್ಕಿತು. ನಲ್ಲಿ ನೀರು ಖಾಲಿ ಆಯಿತು ಅಂತ ಹೊಲದ ಹೊಂಡದ ನೀರು ತಂದು ಡ್ರಮ್ಮಿಗೆ ಹಾಕಿದೆ. ರಾಡಿ ನೀರು. ಎರಡೇ ನಿಮಿಷಕ್ಕೆ ಚಿಲುಮೆ ಸೊಟ್ಟಗಾಯಿತು, ಆಮೇಲೆ ನಿಂತೇಹೋಯಿತು. ಕ್ಯಾಪ್ ಬಿಚ್ಚಿದರೆ ತೂತಿಗೆ ಅಡ್ಡ ಮರಳಿನ ಕಣಗಳು ಒಂದಕ್ಕೊಂದು ಸಿಕ್ಕಿ ಕೂತಿವೆ, ಒಂದೊಂದು ಎಳ್ಳಿನಷ್ಟು. ಮಗಳು ಸೂಜಿಯಿಂದ ತೆಗೆದಳು. ರಾತ್ರಿಯೆಲ್ಲ ನೀರನ್ನು ಡ್ರಮ್ಮಿನಲ್ಲೇ ಬಿಟ್ಟು, ಪೈಪನ್ನು ತಳದಿಂದ ಅರ್ಧ ಅಡಿ ಮೇಲೆ ಜೋಡಿಸಿದೆ. ಬೆಳಿಗ್ಗೆ ಒಂದು ಸಲವೂ ಕಟ್ಟಲಿಲ್ಲ. ಕೆರೆಯ ನೀರನ್ನು ಕಾರಂಜಿಗೆ ಬಿಡುವವರು ಮೊದಲು ಅದನ್ನು ತಿಳಿಗೊಳಿಸಲೇಬೇಕು. ಹೂಳು ತಂಗುವ ತೊಟ್ಟಿ ಇಲ್ಲದೆ ಆ ಮಂಟಪ ಒಂದು ವಾರವೂ ನಡೆಯುವುದಿಲ್ಲ. ಮುಂದಿನ ಸಲ ಹೋದಾಗ ನಾನು ಮೊದಲು ಹುಡುಕುವುದು ಅದನ್ನೇ.

ಅಕ್ಕಾರೆ, ನಿಮ್ಮ ಶಾಲೆಯ ಮೈದಾನದಲ್ಲಿ ಇದನ್ನು ಮಕ್ಕಳಿಗೆ ಮಾಡಿ ತೋರಿಸಲು ನಾನು ತಯಾರು. ಡ್ರಮ್, ಪೈಪು, ಕ್ಯಾಪು ಎಲ್ಲ ನಾನೇ ತರುತ್ತೇನೆ. ಮಕ್ಕಳೇ ತೂತು ಕೊರೆಯಲಿ, ಮಕ್ಕಳೇ ಅಳೆಯಲಿ. ಆಮೇಲೆ ಅವರನ್ನು ಕುಮಟಗಿಗೆ ಕರೆದುಕೊಂಡು ಹೋಗಿ ಆ ಪೈಪಿನ ಬಾಯಿ ತೋರಿಸೋಣ. ಆಗ ಒಣಗಿದ ಕೊಳ ನೋಡಿದರೂ ಅವರಿಗೆ ನೀರು ಕಾಣುತ್ತದೆ.

ಮೇಡಂ ಹೇಳಿದ ನಕ್ಷೆಯ ಕೆಲಸ ಶುರು ಮಾಡುತ್ತೇನೆ. ಬರುವ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗುತ್ತೇನೆ. ಟೇಪ್, ಬ್ಯಾಟರಿ, ಮಗಳ ಚೌಕಗೆರೆಯ ನೋಟ್‌ಬುಕ್. ಏನನ್ನೂ ಕೆರೆಯುವುದಿಲ್ಲ, ಮುಟ್ಟುವುದೂ ಇಲ್ಲ. ಮೇಡಂ, ಪ್ರತಿ ಬಾಯಿಗೂ ಏನೇನು ಬರೆದುಕೊಳ್ಳಬೇಕು? ಅಗಲ, ನೆಲದಿಂದ ಎತ್ತರ, ಯಾವ ದಿಕ್ಕು, ಇಷ್ಟು ಸಾಕಾ?

---

ಗಾರೆ ಕೆಲಸ

ನಿಮ್ಮ ಮರಳಿನ ಕಣದ ಮಾತು ಓದಿ ನಮ್ಮ ಇಡೀ ತಂಡಕ್ಕೆ ಹೇಳಿದೆ.

ನೀವು ಬರೆದ ಮೂರರ ಜೊತೆ ಇನ್ನೆರಡು ಸೇರಿಸಿ. ಬಾಯಿಯ ಸುತ್ತಲಿನ ಗಾರೆ ಹಳೆಯದೋ, ಆಮೇಲೆ ಮೆತ್ತಿದ್ದೋ ಅಂತ ಬರೆಯಿರಿ. ಬಣ್ಣದಲ್ಲೇ ಗೊತ್ತಾಗುತ್ತದೆ, ಸಿಮೆಂಟ್ ಬೂದು ಇರುತ್ತದೆ. ಹಾಗೆಯೇ ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ಟೇಪ್ ಕಾಣುವ ಹಾಗೆ ಹಿಡಿಯಿರಿ, ಗೋಡೆಗೆ ತಾಗಿಸಬೇಡಿ. ಅಲ್ಲಿ ಕೆಲಸದವರಿದ್ದರೆ ಮೊದಲು ಅವರಿಗೆ ಹೇಳಿ. ಫ್ಲ್ಯಾಶ್ ಹಾಕಬೇಡಿ. ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದ್ದ ಹೆನ್ರಿ ಕಸಿನ್ಸ್ ವಿಜಯಪುರದ ಹಳೆಯ ಕಟ್ಟಡಗಳ ಮೇಲೆ 1916ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಕುಮಟಗಿಯ ಬಗ್ಗೆ ಬರೆದಿದ್ದಾರೆ. ಅದರ ಪುಟಗಳನ್ನು ನಿಮಗೆ ಕಳಿಸುತ್ತೇನೆ. ನೂರು ವರ್ಷದ ಹಿಂದೆ ಇದ್ದದ್ದು, ಈಗ ನಿಮಗೆ ಕಂಡದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

---

ಹಳೇ ದೆಹಲಿ ನೌಕರ

ಮೈದಾನದಲ್ಲಿ ಮಾಡುವ ದಿನ ಹೇಳಿ, ಬೆಂಗಳೂರಿನಿಂದ ಬರುತ್ತೇನೆ. ಡ್ರಮ್ಮಿಗೆ ನೀರು ಹೊರುವ ಕೆಲಸ ನನ್ನದು.

---

ಸಿಂದಗಿ ರಸ್ತೆ ಅಕ್ಕ

ಅಣ್ಣಾರೆ, ಭಾನುವಾರ ನಾನೂ ಬರುತ್ತೇನೆ, ಜೊತೆಗೆ ಒಂಬತ್ತನೇ ತರಗತಿಯ ಇಬ್ಬರು ಮಕ್ಕಳು. ಒಬ್ಬಳು ನಕ್ಷೆ ಚೆನ್ನಾಗಿ ಬಿಡಿಸುತ್ತಾಳೆ. ನಿಮ್ಮ ಮಗಳನ್ನೂ ಕರೆದುಕೊಂಡು ಬನ್ನಿ. ಕೆಲಸ ಮುಗಿದ ಮೇಲೆ ಎಲ್ಲರೂ ನಮ್ಮ ತವರಿಗೆ ಬರಬೇಕು. ಸಜ್ಜಿ ರೊಟ್ಟಿ, ಎಣಗಾಯಿ ಮಾಡಿಸಿರುತ್ತೇನೆ. ಅವ್ವನಿಗೆ ಫೋನ್ ಮಾಡಿ ಹೇಳಿದ್ದಾಯಿತು. "ಅರಮನಿ ಪೈಪ್ ನೋಡಾಕ ಬರ್ತಾರೇನ?" ಅಂತ ಎರಡು ಸಲ ಕೇಳಿದಳು.